ಅಜ್ಜಿಯ ಕೆಂಪಿನ ಉಂಗುರಕ್ಕೆ ಆಯಸ್ಕಾಂತ ಹಿಡಿದಾಗ

ಕಳೆದ ತಿಂಗಳು ಸರಗೂರಿನಿಂದ ಮೈಸೂರಿನ ನಮ್ಮ ಮನೆಗೆ ಬಂದ ಚಿಕ್ಕಮ್ಮ, ಅಜ್ಜಿಯ ಕೆಂಪಿನ ಉಂಗುರ ನನ್ನ ಕೈಗಿಟ್ಟರು. "ಇಲ್ಲಿ ಒಳ್ಳೆ ಬೆಲೆ ಸಿಗತ್ತಂತೆ, ವಿಚಾರಿಸು ಮಗಾ. ಇವನ ಕಾಲೇಜ್ ಫೀಸ್ ಕಟ್ಟಬೇಕು."

ಅಜ್ಜಿಯ ಒಡವೆ ಹಂಚಿಕೊಂಡಾಗ ಅಮ್ಮನಿಗೆ ಎರಡು ಬಳೆ, ಚಿಕ್ಕಮ್ಮನಿಗೆ ಈ ಉಂಗುರ ಬಂದಿತ್ತು. ಮಾಣಿಕ್ಯ ಅಲ್ವಾ, ಲೆಕ್ಕ ಸರಿಹೋಯ್ತು ಅಂತ ಆಗ ಎಲ್ಲರೂ ಒಪ್ಪಿದ್ದರು.

ಕಲ್ಲು ಗಾಢ ಕೆಂಪು. ಬಿಸಿಲಿಗೆ ಹಿಡಿದರೆ ಥೇಟ್ ದಾಳಿಂಬೆ ಕಾಳು. ಆದರೆ ಮೊಬೈಲ್‌ನಲ್ಲಿ ಜೂಮ್ ಮಾಡಿದಾಗ ಅದರ ಅಂಚುಗಳೆಲ್ಲ ಸವೆದು ಮೊಂಡಾಗಿದ್ದವು. ನನಗೆ ಅನುಮಾನ ಬಂದದ್ದೇ ಅಲ್ಲಿ. ಗಡಸುತನದ ಮೋಸ್ ಅಳತೆಯಲ್ಲಿ ಮಾಣಿಕ್ಯಕ್ಕೆ 9. ಮನೆಯ ಧೂಳಲ್ಲಿರೋ ಮರಳಿನ ಕಣಕ್ಕೆ, ಅಂದ್ರೆ ಕ್ವಾರ್ಟ್ಜ್‌ಗೆ, 7. ಧೂಳು ಮಾಣಿಕ್ಯವನ್ನು ಸವೆಸೋದಿಲ್ಲ. ಕೆಂಪು ಗಾರ್ನೆಟ್‌ಗೆ 7ರಿಂದ 7.5 ಮಾತ್ರ. ಜೀವನವಿಡೀ ಪಾತ್ರೆ ಉಜ್ಜಿದ ಕೈಯಲ್ಲಿದ್ದರೆ ಸವೆಯದೆ ಇನ್ನೇನು?

ಗಾರ್ನೆಟ್ ಅಂದ್ರೆ ಒಂದೇ ಕಲ್ಲಲ್ಲ, ಒಂದು ಕುಟುಂಬ. ಸಿಲಿಕಾದ ಚೌಕಟ್ಟು ಒಂದೇ, ಒಳಗೆ ಕೂರುವ ಲೋಹ ಬೇರೆ ಬೇರೆ. ಮೆಗ್ನೀಸಿಯಂ ಇದ್ದರೆ ಪೈರೋಪ್, ಕಬ್ಬಿಣ ಇದ್ದರೆ ಆಲ್ಮಂಡೈನ್. ಸಾಮಾನ್ಯವಾಗಿ ಸಿಗೋದು ಇವೆರಡರ ಬೆರಕೆ. ಜ್ಯೋತಿಷಿಗಳು ರಾಹುವಿಗೆ ಹೇಳುವ ಗೋಮೇಧಕವೂ ಇದೇ ಮನೆತನದ್ದು, ಅದರಲ್ಲಿರೋದು ಕ್ಯಾಲ್ಸಿಯಂ. ಅಮ್ಮನಿಗೆ ಪೊರೆ ಆಪರೇಷನ್ ಆದ ಮೇಲೆ ಮತ್ತೆ ಕಣ್ಣು ಮಂಜಾದಾಗ ಹೊಡೆದ 'ಯಾಗ್' ಲೇಸರ್‌ನಲ್ಲಿ ಕೊನೆಯ ಅಕ್ಷರ ಜಿ ಅಂದ್ರೆ ಗಾರ್ನೆಟ್ಟೇ, ಲ್ಯಾಬ್‌ನಲ್ಲಿ ಬೆಳೆಸಿದ್ದು.

ಆ ಕಬ್ಬಿಣವೇ ಗುಟ್ಟು ಬಿಟ್ಟುಕೊಡತ್ತೆ. ಹಳೇ ಹಾರ್ಡ್ ಡಿಸ್ಕ್ ಬಿಚ್ಚಿ ಅದರ ನಿಯೋಡಿಮಿಯಂ ಆಯಸ್ಕಾಂತ ತೆಗೆದೆ. ಬಟ್ಟಲಿನ ನೀರಲ್ಲಿ ಥರ್ಮಾಕೋಲ್ ಚೂರು, ಅದರ ಮೇಲೆ ಉಂಗುರ. ಚಿನ್ನಕ್ಕೆ ಆಯಸ್ಕಾಂತದ ಗೊಡವೆ ಇಲ್ಲ, ಮಾಣಿಕ್ಯಕ್ಕೂ ಕಣ್ಣಿಗೆ ಕಾಣುವಷ್ಟು ಇಲ್ಲ. ಕಲ್ಲಿನ ಹತ್ತಿರ ಹಿಡಿದೆ. ಉಂಗುರ ನಿಧಾನಕ್ಕೆ, ನಾಚಿಕೊಂಡ ಹಾಗೆ, ನನ್ನ ಕಡೆ ತೇಲಿ ಬಂತು.

ಯುವಿ ಟಾರ್ಚ್ ಬಿಟ್ಟರೂ ಹೊಳೆಯಲಿಲ್ಲ. (ಇದನ್ನೊಂದೇ ನಂಬಬೇಡಿ. ಕಬ್ಬಿಣದಂಶ ಜಾಸ್ತಿ ಇರೋ ಮಾಣಿಕ್ಯವೂ ಸರಿಯಾಗಿ ಹೊಳೆಯಲ್ಲ.) ಕೊನೆಗೆ ರತ್ನ ಪರೀಕ್ಷೆಯ ಲ್ಯಾಬ್‌ಗೆ ಕೊಟ್ಟೆ. ಮಾಣಿಕ್ಯದೊಳಗೆ ಹೊಕ್ಕ ಬೆಳಕು ಎರಡಾಗಿ ಒಡೆಯುತ್ತೆ, ಗಾರ್ನೆಟ್‌ನಲ್ಲಿ ಒಡೆಯಲ್ಲ. ಪೋಲರಿಸ್ಕೋಪ್‌ನಲ್ಲಿಟ್ಟು ತಿರುಗಿಸಿದರೆ ಮಾಣಿಕ್ಯ ಬೆಳಗಿ, ಕಪ್ಪಾಗಿ, ಮತ್ತೆ ಬೆಳಗತ್ತೆ. ಅಜ್ಜಿಯ ಕಲ್ಲು ಎಷ್ಟು ತಿರುಗಿಸಿದರೂ ಕಪ್ಪಾಗೇ ಇತ್ತು. ರಿಪೋರ್ಟ್‌ನಲ್ಲಿ ಬರೆದರು: ಆಲ್ಮಂಡೈನ್ ಗಾರ್ನೆಟ್.

ತಮಾಷೆ ನೋಡಿ, ಚಿಕ್ಕಮ್ಮನ ಊರಿನ ಹೆಸರು ಭೂವಿಜ್ಞಾನದ ಪುಸ್ತಕಗಳಲ್ಲಿದೆ. 'ಸರಗೂರು ಸಮೂಹ' ಅಂದ್ರೆ 300 ಕೋಟಿ ವರ್ಷಕ್ಕೂ ಹಳೆಯ ಶಿಲೆಗಳು. ಒಂದು ಕಾಲದ ಕೆಸರು ಆಳಕ್ಕಿಳಿದು, ಶಾಖ ಒತ್ತಡದಲ್ಲಿ ಬೆಂದು, ಗಾರ್ನೆಟ್ ಮತ್ತು ಕಯನೈಟ್ ತುಂಬಿದ ಶಿಸ್ಟ್ ಆಗಿದೆ. ಗಾರ್ನೆಟ್ಟೂ ಪಕ್ಕದ ಕಪ್ಪು ಅಭ್ರಕವೂ ಕಬ್ಬಿಣ, ಮೆಗ್ನೀಸಿಯಂಗಳನ್ನು ಹೇಗೆ ಹಂಚಿಕೊಂಡಿವೆ ಅಂತ ಅಳೆದು, ಆ ಕಲ್ಲು ಎಷ್ಟು ಡಿಗ್ರಿಯಲ್ಲಿ ಬೆಂದಿತ್ತು ಅಂತ ವಿಜ್ಞಾನಿಗಳು ಹೇಳ್ತಾರೆ. ಅವರಿಗೆ ಅದು ಥರ್ಮಾಮೀಟರ್. ಅಂಗಡಿಯವರಿಗೆ ಮಾತ್ರ ಮಾಣಿಕ್ಯದ ಮುಂದೆ ಅಗ್ಗದ ಕಲ್ಲು. ಉಂಗುರಕ್ಕೆ ಅವರು ಹೇಳಿದ್ದು ಹೆಚ್ಚುಕಡಿಮೆ ಬರೀ ಚಿನ್ನದ ತೂಕದ ಬೆಲೆ.

ಮೊದಲು ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ರಿಪೋರ್ಟ್ ತಿರುಗಿಸಿ ತಿರುಗಿಸಿ ನೋಡಿದರು. "ಹಾಗಾದ್ರೆ ಒಂದು ಬಳೆ ಅವಳದ್ದೇ ಅಲ್ವೇನೋ?" ಅಂದರು. ಚಿಕ್ಕಮ್ಮನಿಗೆ ಇನ್ನೂ ಫೋನ್ ಮಾಡಿಲ್ಲ. ಭಾನುವಾರ ನಾವೇ ಸರಗೂರಿಗೆ ಹೋಗ್ತಿದ್ದೀವಿ.