ಗೇರ್ ಬಾಕ್ಸ್ ಲಾರಿಗೆ ಹಾಕುವ ಮುನ್ನ

ಮಲೆನಾಡಿನ ಅನೇಕ ತೋಟದ ಮನೆಗಳಲ್ಲಿ ಹಳೆಯ ಜೀಪು ಇಂದಿಗೂ ದುಡಿಯುತ್ತಿದೆ. ಗೊಬ್ಬರ ಏರಿಸುವುದಕ್ಕೂ ಅದೇ, ಅಡಿಕೆಯನ್ನು ಮಂಡಿಗೆ ಸಾಗಿಸುವುದಕ್ಕೂ ಅದೇ, ನಡುರಾತ್ರಿ ಆಸ್ಪತ್ರೆಗೆ ಓಡುವುದಕ್ಕೂ ಅದೇ. ಇಂಥ ಗಾಡಿಯ ಗೇರ್ ಬಾಕ್ಸ್ ಕೊಯ್ಲಿನ ಹೊತ್ತಿಗೆ ಕೈಕೊಟ್ಟರೆ, ಊರಿನ ಮೆಕ್ಯಾನಿಕ್ಕಿಗೆ ರಿಪೇರಿ ಸಾಧ್ಯವಾಗದಿದ್ದರೆ, ಉಳಿಯುವುದು ಎರಡು ದಾರಿ. ಬಿಚ್ಚಿ ಪೇಟೆಯ ವರ್ಕ್‌ಷಾಪಿಗೆ ಕಳಿಸಬೇಕು, ಇಲ್ಲವೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಿಂದ ಹಳೆಯದೊಂದನ್ನು ತರಿಸಬೇಕು. ಹೇಗಾದರೂ ಆ ಭಾರ ಲಾರಿಯಲ್ಲಿ ಪ್ರಯಾಣ ಮಾಡಲೇಬೇಕು.

ಹೆಚ್ಚಿನವರು ಏನು ಮಾಡುತ್ತಾರೆ? ಎರಡು ಗೋಣಿ ಚೀಲ ಸುತ್ತಿ, ಹಗ್ಗ ಬಿಗಿದು, ಪಾರ್ಸೆಲ್ ಆಫೀಸಿನಲ್ಲಿ ಇಟ್ಟು ಬರುತ್ತಾರೆ. ಬೀಡು ಕಬ್ಬಿಣದ್ದಲ್ಲವೇ, ಅದಕ್ಕೇನಾದೀತು ಎಂಬ ಧೈರ್ಯ. ರೈತ ಬಾಂಧವರೇ, ಬೀಡು ಗಟ್ಟಿ ಹೌದು, ಆದರೆ ಅದು ಬಾಗುವುದಿಲ್ಲ, ಪೆಟ್ಟು ಬಿದ್ದರೆ ಬಿರಿಯುತ್ತದೆ. ಈಚಿನ ಕಾರುಗಳಲ್ಲಿ ಕವಚ ಅಲ್ಯೂಮಿನಿಯಮ್ಮಿನದು, ಅದು ಇನ್ನೂ ನಾಜೂಕು. ಎಂಜಿನ್ನಿಗೆ ಕೂಡುವ ಗಂಟೆಯಾಕಾರದ ಅಂಚಿನಲ್ಲಿ ಬೋಲ್ಟಿನ ಕಿವಿಗಳಿರುತ್ತವೆ. ಲಾರಿಯಿಂದ ಇಳಿಸುವಾಗ ಒಂದು ಮೂಲೆ ನೆಲಕ್ಕೆ ಬಡಿದರೆ ಮೊದಲು ಮುರಿಯುವುದು ಆ ಕಿವಿ. ಎರಡನೆಯ ಅಪಾಯ, ಕ್ಲಚ್ಚಿನ ಕಡೆ ಚಾಚಿಕೊಂಡಿರುವ ಶಾಫ್ಟಿನದು. ಇಡೀ ಭಾರ ಅದರ ತುದಿಯ ಮೇಲೆ ಬಿದ್ದರೆ ಶಾಫ್ಟು ಬಾಗಬಹುದು, ಬೇರಿಂಗ್ ಏಟು ತಿನ್ನಬಹುದು. ಇದು ಹೊರಗಿನಿಂದ ಕಣ್ಣಿಗೆ ಕಾಣುವುದಿಲ್ಲ. ಕೂಡಿಸಿ, ಎಣ್ಣೆ ತುಂಬಿ, ಗಾಡಿ ಓಡಿಸಿದ ಮೇಲೆಯೇ ಕೂಗುತ್ತದೆ.

ಕಟ್ಟುವ ಮೊದಲು ಎಣ್ಣೆ ತೆಗೆಯಿರಿ. ಗಾಡಿ ಓಡುವ ಸ್ಥಿತಿಯಲ್ಲಿದ್ದರೆ ಬಿಸಿಯಿರುವಾಗಲೇ ತಳದ ಬಿರಡೆ ಬಿಚ್ಚಿ, ರಾತ್ರಿಯಿಡೀ ಬಸಿಯಲು ಬಿಟ್ಟು, ಬಿರಡೆಯನ್ನು ಮತ್ತೆ ಹಾಕಿ. ಎಣ್ಣೆ ಸೋರುವ ಪಾರ್ಸೆಲನ್ನು ಆಫೀಸಿನವರು ತೆಗೆದುಕೊಳ್ಳುವುದೇ ಕಷ್ಟ. ತೆಗೆದುಕೊಂಡರೂ ಪಕ್ಕದಲ್ಲಿ ಇನ್ನೊಬ್ಬರ ಬಟ್ಟೆಯ ಗಂಟು ಹಾಳಾದರೆ ಅದು ನಿಮ್ಮ ತಲೆಗೇ ಬರುತ್ತದೆ. ಮೈಯನ್ನು ಸೀಮೆಎಣ್ಣೆ ಅಥವಾ ಡೀಸೆಲ್ಲಿನಿಂದ ಒರೆಸಿ, ನೀರಿನ ಪೈಪು ಹಿಡಿಯಬೇಡಿ. ಗೇರ್ ಹಿಡಿ ಬಿಚ್ಚಿ ಬೇರೆಯಾಗಿ ಕಟ್ಟಿ. ಹಿಡಿಯ ಬಾಯಿ, ಸ್ಪೀಡೋಮೀಟರ್ ಕೇಬಲ್ಲಿನ ತೂತು, ಹಿಂಬದಿಯ ಶಾಫ್ಟಿನ ಬಾಯಿ ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್ಕಿನಿಂದ ಮುಚ್ಚಿ, ಹಳೆಯ ಟ್ಯೂಬಿನ ಪಟ್ಟಿಯಿಂದ ಬಿಗಿಯಿರಿ. ಬಟ್ಟೆ ತುರುಕುವುದು ಬೇಡ, ಅದು ಒಳಗೇ ಉಳಿದುಹೋದ ಉದಾಹರಣೆಗಳಿವೆ. ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ಸವರಿ. ಆಟೋಮ್ಯಾಟಿಕ್ ಗೇರಿನ ಕಾರಾದರೆ, ಮುಂಭಾಗದ ದುಂಡನೆಯ ಟಾರ್ಕ್ ಕನ್ವರ್ಟರ್ ಜಾರಿ ಹೊರಬರದಂತೆ ಅಡ್ಡಪಟ್ಟಿಯೊಂದನ್ನು ಬೋಲ್ಟು ಹಾಕಿ ಕೂಡಿಸಲೇಬೇಕು. ಜಾರಿತೆಂದರೆ ಒಳಗಿನ ಸೀಲೂ ಪಂಪೂ ಕೆಡಬಹುದು.

ಈಗ ಪಂಜರದ ವಿಚಾರ. ಪೂರ್ತಿ ಮುಚ್ಚಿದ ಪೆಟ್ಟಿಗೆ ಬೇಕಾಗಿಲ್ಲ, ಅದರಿಂದ ಖರ್ಚೂ ಹೆಚ್ಚು, ತೂಕವೂ ಹೆಚ್ಚು. ಬೇಕಾದುದು ಗಟ್ಟಿಯಾದ ತಳ. ಸಿಲ್ವರ್ ಓಕ್ ಅಥವಾ ನೀಲಗಿರಿಯ 4 ಅಂಗುಲ ಎತ್ತರದ ಎರಡು ತುಂಡುಗಳನ್ನು ಉದ್ದಕ್ಕೆ ಇಟ್ಟು, ಅದರ ಮೇಲೆ ದಪ್ಪ ಹಲಗೆಗಳನ್ನು ಅಡ್ಡಲಾಗಿ ಬೋಲ್ಟು ಹಾಕಿ ಕೂಡಿಸಿ. ತಳದಲ್ಲಿ ಸಂದಿ ಇದ್ದರೆ ಹಮಾಲರ ಕೈಯೂ ತಳ್ಳುಗಾಡಿಯ ನಾಲಿಗೆಯೂ ಒಳಗೆ ಹೋಗುತ್ತವೆ. ಹಿಡಿಯಲು ಜಾಗವಿಲ್ಲದ ಭಾರವನ್ನು ಯಾರೇ ಆದರೂ ಉರುಳಿಸುತ್ತಾರೆ, ಅದಕ್ಕೆ ಹಮಾಲರನ್ನು ಬೈದು ಪ್ರಯೋಜನವಿಲ್ಲ.

ತಳದ ಒಂದು ತುದಿಗೆ ದಪ್ಪ ಹಲಗೆಯೊಂದನ್ನು ನೆಟ್ಟಗೆ ನಿಲ್ಲಿಸಿ, ಹಿಂದಿನಿಂದ ಊರೆ ಕೊಡಿ. ಅದರ ನಡುವೆ ಶಾಫ್ಟು ತೂರುವಷ್ಟು ತೂತು ಕೊರೆದು, ಗಂಟೆಯಾಕಾರದ ಭಾಗದ ಬೋಲ್ಟಿನ ತೂತುಗಳ ಮೂಲಕ ಗೇರ್ ಬಾಕ್ಸನ್ನು ಆ ಹಲಗೆಗೇ ದೊಡ್ಡ ವಾಷರು ಹಾಕಿ ಬಿಗಿಯಿರಿ. ಶಾಫ್ಟಿನ ತುದಿ ಪಂಜರದ ಅಂಚಿನಿಂದ ಒಂದು ಅಂಗುಲವಾದರೂ ಒಳಗಿರಲಿ. ಇನ್ನೊಂದು ತುದಿಯಲ್ಲಿ ಕವಚದ ಆಕಾರಕ್ಕೆ ಕೆತ್ತಿದ ಮರದ ದಿಂಬು ಇಟ್ಟು, ಲಾರಿಗೆ ಬಿಗಿಯುವ ಪಟ್ಟಿಯಿಂದ ತಳಕ್ಕೆ ಬಂಧಿಸಿ. ಮೊಳೆಯನ್ನು ನಂಬಬೇಡಿ. ಕುಲುಕಾಟಕ್ಕೆ ಮೊಳೆ ಮೆಲ್ಲಗೆ ಮೇಲೇಳುತ್ತದೆ, ಬೋಲ್ಟು ಏಳುವುದಿಲ್ಲ. ಹುಲ್ಲು, ತೆಂಗಿನ ನಾರು ತುಂಬುವುದು ತಪ್ಪಲ್ಲ. ಆದರೆ ಭಾರ ಹೊರಬೇಕಾದುದು ಮರ. ಹುಲ್ಲು ಐವತ್ತು ಕಿಲೋಮೀಟರ್ ಹೋಗುವುದರೊಳಗೆ ಕುಗ್ಗಿ ತಳ ಸೇರುತ್ತದೆ. ಸುತ್ತಲಿನ ಕಟಕಟೆಗೆ ಅಡಿಕೆ ದಬ್ಬೆಯನ್ನು ತಂತಿಯಲ್ಲಿ ಕಟ್ಟಿದರೂ ಸಾಕು. ತಳಕ್ಕೆ ಮಾತ್ರ ದಬ್ಬೆ ಬೇಡ, ಸೀಳುತ್ತದೆ.

ಎಲ್ಲ ಮುಗಿದ ಮೇಲೆ ತೂಕ ಮಾಡಿಸಿ, ಕೆ.ಜಿ.ಯನ್ನು ದಪ್ಪ ಅಕ್ಷರದಲ್ಲಿ ಎರಡು ಕಡೆ ಬರೆಯಿರಿ. ಎಷ್ಟು ಭಾರವೆಂದು ತಿಳಿಯದೆ ಒಬ್ಬನೇ ಎತ್ತಲು ಹೋದವನ ಸೊಂಟವೂ ಹೋಗುತ್ತದೆ, ನಿಮ್ಮ ಸರಕೂ ಹೋಗುತ್ತದೆ.

ಬಾಡಿಗೆಯ ಲೆಕ್ಕಕ್ಕೆ ಬರೋಣ. ಹಲವು ಕೊರಿಯರಿನವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದ ಅಂಕಿ, ನಿಜವಾದ ತೂಕ, ಇವುಗಳಲ್ಲಿ ಹೆಚ್ಚಿನದಕ್ಕೆ ಹಣ. 80, 50, 50 ಸೆಂ.ಮೀ. ಪಂಜರಕ್ಕೆ ಈ ಲೆಕ್ಕದಲ್ಲಿ 40 ಕೆ.ಜಿ. ಬರುತ್ತದೆ. ಮರವೂ ಸೇರಿ ನಿಮ್ಮ ಸರಕು 70 ಕೆ.ಜಿ. ಇದ್ದರೆ 70ಕ್ಕೇ ಬಾಡಿಗೆ. ಆದುದರಿಂದ ಗೇರ್ ಬಾಕ್ಸಿನ ಮಟ್ಟಿಗೆ ಉಳಿತಾಯವಿರುವುದು ಮರದ ತೂಕದಲ್ಲಿ. ಇಷ್ಟು ಭಾರಕ್ಕೆ ಕೊರಿಯರಿಗಿಂತ ಲಾರಿ ಪಾರ್ಸೆಲ್ ಆಫೀಸು ಸಾಮಾನ್ಯವಾಗಿ ಅಗ್ಗ. ಮನೆಬಾಗಿಲಿಗೆ ಬೇಡ, ಗೋಡೌನಿನಲ್ಲೇ ಬಿಡಿಸಿಕೊಳ್ಳುತ್ತೇನೆಂದರೆ ಇನ್ನೂ ಕಡಿಮೆ. ಕೆ.ಎಸ್.ಆರ್.ಟಿ.ಸಿ. 2021ರಲ್ಲಿ ಆರಂಭಿಸಿದ 'ನಮ್ಮ ಕಾರ್ಗೋ' ಸೇವೆಯಲ್ಲೂ ವಿಚಾರಿಸಿ, ಒಂದು ನಗಕ್ಕೆ ಎಷ್ಟು ತೂಕದವರೆಗೆ ಒಪ್ಪುತ್ತಾರೆಂದು ಮೊದಲೇ ಕೇಳಿ. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಒಳ್ಳೆಯದು, ಅಡಿಕೆ ಇಳಿಸಿ ಖಾಲಿ ಮರಳುವ ಪರಿಚಯದ ಗಾಡಿ. ನಡುವೆ ಗೋಡೌನಿಲ್ಲ, ಇಳಿಸಿ ಏರಿಸುವ ಗೋಜೂ ಇಲ್ಲ. (ಟ್ರಾಕ್ಟರಿನದು ಬೇರೆಯೇ ಕಥೆ. ಹೆಚ್ಚಿನ ಟ್ರಾಕ್ಟರುಗಳಲ್ಲಿ ಗೇರ್ ಬಾಕ್ಸಿನ ಕವಚವೇ ಗಾಡಿಯ ಬೆನ್ನೆಲುಬು. ಅದನ್ನು ಕಳಿಸುವ ಬದಲು ಮೆಕ್ಯಾನಿಕ್ಕನ್ನು ಕರೆಸುವುದೇ ವಿವೇಕ.)

ಇನ್ನು ರಸೀದಿ. ದಯವಿಟ್ಟು ಇದನ್ನು ಎರಡು ಸಲ ಓದಿ. 2007ರ ರಸ್ತೆ ಸಾಗಣೆ ಕಾಯಿದೆ ಮತ್ತು ಅದರ 2011ರ ನಿಯಮಗಳ ಪ್ರಕಾರ, ಸರಕು ಕಳೆದರೆ ಅಥವಾ ಕೆಟ್ಟರೆ ಸಾಗಣೆದಾರನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಅದೂ ನೀವು ಬರೆಸಿದ ಮೌಲ್ಯವನ್ನು ಮೀರುವಂತಿಲ್ಲ. ಬಾಡಿಗೆ 600 ರೂಪಾಯಿ ಎಂದಿಟ್ಟುಕೊಳ್ಳಿ. 25,000 ರೂಪಾಯಿಯ ಗೇರ್ ಬಾಕ್ಸ್ ಪುಡಿಯಾದರೂ ಸಿಗುವುದು ಹೆಚ್ಚೆಂದರೆ 6,000. ಮೌಲ್ಯ ಬರೆಸಿದ ಮಾತ್ರಕ್ಕೆ ಈ ಮಿತಿ ಏರುವುದಿಲ್ಲ. ಹೆಚ್ಚಿನ ಹೊಣೆಯ ದರ ಕೊಡುತ್ತೇನೆಂದು ಲಿಖಿತವಾಗಿ ಒಪ್ಪಬೇಕು, ಇಲ್ಲವೆ ಬೇರೆಯಾಗಿ ವಿಮೆ ಮಾಡಿಸಬೇಕು. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಕಡಿಮೆ ಮೌಲ್ಯ ಬರೆಸುವ ಅಭ್ಯಾಸ ನಮ್ಮಲ್ಲಿದೆ, ಅದು ನಿಮ್ಮ ಕೈಯನ್ನೇ ಕಟ್ಟುತ್ತದೆ. ರಿಪೇರಿಗೆ ಹೋಗುವುದಾದರೆ 'ರಿಪೇರಿಗಾಗಿ, ಮಾರಾಟಕ್ಕಲ್ಲ' ಎಂದು ಮೌಲ್ಯ ಸಹಿತ ಪತ್ರವೊಂದನ್ನು ಜೊತೆಗೆ ಕೊಡಿ. ಮೌಲ್ಯ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ಲಿನ ಪ್ರಶ್ನೆ ಬರುತ್ತದೆ, ಆಫೀಸಿನವರನ್ನು ಮೊದಲೇ ಕೇಳಿಕೊಳ್ಳಿ.

ಕಳಿಸುವ ಮುನ್ನ ನಾಲ್ಕೂ ಕಡೆಯಿಂದ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ಬಿಡಿಸಿಕೊಳ್ಳುವಾಗ ಸಹಿ ಹಾಕುವ ಮೊದಲೇ ಆಫೀಸಿನವರೆದುರು ಪಂಜರ ನೋಡಿ. ಒಡೆದಿದ್ದರೆ ಅದನ್ನು ಅವರ ಪ್ರತಿಯ ಮೇಲೆಯೇ ಬರೆದು ಸಹಿ ಹಾಕಿ. ದಾವೆ ಹೂಡಬೇಕಾದರೆ ಅದಕ್ಕೆ ಮೊದಲು, ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ, ಸಾಗಣೆದಾರನಿಗೆ ಲಿಖಿತ ನೋಟೀಸು ತಲುಪಿರಬೇಕು. ಬಾಯಿಮಾತಿನ ಜಗಳ ನೋಟೀಸಾಗುವುದಿಲ್ಲ.

ಪಂಜರವನ್ನು ಒಡೆಯದೆ ಬಿಚ್ಚಿಡಲು ವರ್ಕ್‌ಷಾಪಿನವರಿಗೆ ಫೋನಿನಲ್ಲಿ ಹೇಳಿ, ವಾಪಸು ಬರುವಾಗ ಅದರಲ್ಲೇ ಬರಲಿ. 'ಎಣ್ಣೆ ಇಲ್ಲ' ಎಂದು ಬರೆದ ರಟ್ಟನ್ನು ಗೇರ್ ಬಾಕ್ಸಿನ ಕುತ್ತಿಗೆಗೇ ಕಟ್ಟಿರಿ. ಗಾಡಿಗೆ ಕೂಡಿಸಿ, ಎಣ್ಣೆ ತುಂಬಿ, ಮಟ್ಟ ನೋಡುವವರೆಗೆ ಆ ರಟ್ಟನ್ನು ಯಾರೂ ಬಿಚ್ಚಕೂಡದು.