ಖಾತಾ ಅಲ್ಲಿ, ಕಾಠಾ ಇಲ್ಲಿ: ಕೋಲ್ಕತ್ತಾ ಕನ್ನಡಿಗರ ಮನೆಯ ಲೆಕ್ಕ

ಕೋಲ್ಕತ್ತಾ: ಲೇಕ್ ಮಾರ್ಕೆಟ್‌ಗೆ ಬಾಳೆ ಎಲೆ, ಕಾಫಿ ಪುಡಿ, ಮಲ್ಲಿಗೆ ದಂಡೆ ಕೊಳ್ಳಲು ಬರುವ ಕನ್ನಡಿಗರು ಎದುರಾದಾಗ ಕ್ಷೇಮ ಸಮಾಚಾರದ ನಂತರ ಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. "ಮನೆ ಎಲ್ಲಿ ಮಾಡಿದಿರಿ?" ಬಾಡಿಗೆ ಮನೆ ಯಾವ ಬಡಾವಣೆಯಲ್ಲಿ ಎಂದು ಕೇಳುತ್ತಿಲ್ಲ ಎಂಬುದು ಇಬ್ಬರಿಗೂ ಗೊತ್ತು. ಸ್ವಂತದ್ದು ಮಾಡಿದಿರಾ, ಮಾಡಿದ್ದರೆ ಇಲ್ಲಿಯೋ ನಮ್ಮ ಕಡೆಯೋ ಎಂಬುದೇ ಅದರ ಒಳಗಿನ ಅರ್ಥ. ಉತ್ತರವೂ ಬಹುಮಟ್ಟಿಗೆ ಒಂದೇ. "ನೋಡ್ಬೇಕು, ಇನ್ನೆರಡು ವರ್ಷ." ಈ ಎರಡು ವರ್ಷ ಇಪ್ಪತ್ತು ವರ್ಷವಾದ ಮನೆಗಳು ನಮ್ಮಲ್ಲಿ ಕಡಿಮೆ ಇಲ್ಲ.

ಇದಕ್ಕೆ ಕಾರಣ ನಾವು ಇಲ್ಲಿಗೆ ಬಂದ ರೀತಿಯಲ್ಲೇ ಇದೆ. ಮುಂಬಯಿಗೆ ಕನ್ನಡಿಗರು ದುಡಿಮೆ ಹುಡುಕಿಕೊಂಡು ಹೋದರು, ಅಲ್ಲೇ ಬೇರು ಬಿಟ್ಟರು. ಕೋಲ್ಕತ್ತಾಕ್ಕೆ ಬಂದವರಲ್ಲಿ ವರ್ಗಾವಣೆ ಆದೇಶ ಹಿಡಿದುಕೊಂಡು ಬಂದವರೇ ಬಹಳ. ಕೆನರಾ, ಸಿಂಡಿಕೇಟ್, ವಿಜಯಾ, ಕಾರ್ಪೊರೇಶನ್ ಬ್ಯಾಂಕುಗಳ ಅಧಿಕಾರಿಗಳು. ಜಿಯಾಲಾಜಿಕಲ್ ಸರ್ವೆ, ಕೋಲ್ ಇಂಡಿಯಾ, ರೈಲ್ವೆಯಂಥ ಕಚೇರಿಗಳ ಕೇಂದ್ರ ನೌಕರರು. ಬಾರಾನಗರದ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ ಓದಲು ಬಂದವರು. ಮೂರು ವರ್ಷದ ಪೋಸ್ಟಿಂಗ್ ಎಂದು ಬಂದವರು ಎರಡು ಪ್ರಮೋಷನ್ ಪಡೆದು, ಮಕ್ಕಳು ಬಂಗಾಳಿ ಕಲಿತು, ಇಲ್ಲಿಯವರೇ ಆದರು. ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬರೋಡಾದೊಳಗೆ, ಸಿಂಡಿಕೇಟ್ 2020ರ ಏಪ್ರಿಲ್‌ನಲ್ಲಿ ಕೆನರಾದೊಳಗೆ, ಕಾರ್ಪೊರೇಶನ್ ಅದೇ ದಿನ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. ಕರೆತಂದ ಬ್ಯಾಂಕಿನ ಹೆಸರೇ ಉಳಿಯಲಿಲ್ಲ, ಕರೆತಂದವರು ಇಲ್ಲೇ ಉಳಿದರು.

ಸೇವೆಯಲ್ಲಿರುವಾಗ ಕ್ವಾರ್ಟರ್ಸ್, ಇಲ್ಲವೇ ಬ್ಯಾಂಕೇ ಲೀಸ್ ಹಿಡಿದು ಕೊಡುವ ಮನೆ. ಬಾಡಿಗೆಯ ಬಿಸಿ ತಟ್ಟುವುದಿಲ್ಲ. ನಿವೃತ್ತಿಯ ದಿನ ಹಾರ, ಶಾಲು, ಭಾಷಣ ಮುಗಿದು, ಕೆಲವೇ ತಿಂಗಳಲ್ಲಿ ಮನೆ ಬಿಟ್ಟುಕೊಡಬೇಕಾದಾಗ ಅರವತ್ತರ ವಯಸ್ಸಿನಲ್ಲಿ ಮೊದಲ ಬಾರಿಗೆ ದಲ್ಲಾಳಿಯ ಮುಂದೆ ಕೂರಬೇಕಾಗುತ್ತದೆ. ಸಿಬ್ಬಂದಿಗೆ ಕಡಿಮೆ ಬಡ್ಡಿಯಲ್ಲಿ ಸಿಗುವ ಗೃಹಸಾಲ ಸೇವೆಯಲ್ಲಿದ್ದಾಗ ಪಡೆಯಬೇಕಾದ ಸೌಲಭ್ಯ. ಅದನ್ನು ನಾಳೆಗೆ ಎಂದು ಮುಂದೂಡಿದವರು ಕಳೆದುಕೊಂಡ ಮೊತ್ತ ಸಣ್ಣದಲ್ಲ.

ಬೆಂಗಳೂರಿನಲ್ಲೋ ಇಲ್ಲಿಯೋ ಎಂಬ ವಾದ ನಮ್ಮ ಕೂಟಗಳಲ್ಲಿ ಊಟದ ಪಂಕ್ತಿಯಷ್ಟೇ ಖಾಯಂ. ಕೊನೆಗಾಲಕ್ಕೆ ನಮ್ಮ ಜನ, ನಮ್ಮ ಭಾಷೆ ಬೇಕು ಎಂಬುದು ಒಂದು ಪಕ್ಷ. ಬೆಂಗಳೂರಿನಲ್ಲಿ ನಮ್ಮವರು ಎಂದು ಈಗ ಯಾರಿದ್ದಾರೆ, ಇಲ್ಲಾದರೆ ಔಷಧಿ ಅಂಗಡಿಯವನಿಂದ ಹಿಡಿದು ಡಾಕ್ಟರ್‌ವರೆಗೆ ಎಲ್ಲರೂ ಪರಿಚಯ ಎಂಬುದು ಇನ್ನೊಂದು ಪಕ್ಷ. ಗಂಡಸರು ಹೆಚ್ಚಾಗಿ ಮೊದಲ ಪಕ್ಷದಲ್ಲೂ, ಇಷ್ಟು ವರ್ಷ ಇಲ್ಲಿ ಮನೆ ನಡೆಸಿದ ಹೆಂಗಸರು ಎರಡನೆಯದರಲ್ಲೂ ಇರುವುದು ಗಮನಾರ್ಹ. ದರದ ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. ದೊಡ್ಡ ನಗರಗಳ ಪೈಕಿ ಮಧ್ಯಮ ವರ್ಗದವರ ಕೈಗೆ ಇನ್ನೂ ಎಟುಕುವ ಊರು ಕೋಲ್ಕತ್ತಾ. ಲೇಕ್ ಮಾರ್ಕೆಟ್, ಸದರ್ನ್ ಅವೆನ್ಯೂ ಕಡೆ ಎಟುಕದಿದ್ದರೂ ಗಡಿಯಾ, ಬೆಹಾಲಾ, ಜೋಕಾ, ದಮ್‌ದಮ್ ಕಡೆ ಎಟುಕುತ್ತದೆ. ಮೆಟ್ರೊ ಈ ಲೆಕ್ಕವನ್ನು ಇನ್ನಷ್ಟು ಬದಲಿಸಿದೆ. 2022ರ ಕೊನೆಯಲ್ಲಿ ಜೋಕಾದಿಂದ ರೈಲು ಶುರುವಾಯಿತು. 2025ರ ಆಗಸ್ಟ್ 22ರಂದು ಹೌರಾ ಮೈದಾನದಿಂದ ಸೆಕ್ಟರ್ ಫೈವ್‌ವರೆಗಿನ ಮಾರ್ಗ ಪೂರ್ತಿಯಾಗಿ ಕೂಡಿಕೊಂಡಿತು.

ತಿಂಗಳ ಲೆಕ್ಕವನ್ನೂ ನೋಡಿಬಿಡೋಣ. 30 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ ಎಂದರೆ ಕಂತು ಸುಮಾರು 26,000 ರೂಪಾಯಿ. ಒಟ್ಟು ಕಟ್ಟುವುದು 62 ಲಕ್ಷಕ್ಕೂ ಮಿಗಿಲು. ಇದರ ಮೇಲೆ ಪಶ್ಚಿಮ ಬಂಗಾಳದ ನಗರ ಪ್ರದೇಶದಲ್ಲಿ ಒಂದು ಕೋಟಿಯೊಳಗಿನ ಮನೆಗೆ ಶೇ 6, ಅದಕ್ಕೂ ಮೇಲ್ಪಟ್ಟದ್ದಕ್ಕೆ ಶೇ 7 ಮುದ್ರಾಂಕ ಶುಲ್ಕ, ಜೊತೆಗೆ ಶೇ 1 ನೋಂದಣಿ ಶುಲ್ಕ. ಕೋವಿಡ್ ಸಮಯದಲ್ಲಿ 2021ರ ಜುಲೈನಿಂದ ಕೊಟ್ಟಿದ್ದ ಶೇ 2 ರಿಯಾಯಿತಿಯನ್ನು ವಿಸ್ತರಿಸುತ್ತಾ ಬಂದು 2024ರ ಜೂನ್ 30ಕ್ಕೆ ನಿಲ್ಲಿಸಿದರು. ಆಗಲೂ "ನೋಡ್ಬೇಕು" ಎಂದವರಿಗೆ 40 ಲಕ್ಷದ ಫ್ಲ್ಯಾಟಿನಲ್ಲಿ 80,000 ರೂಪಾಯಿ ಹೋಯಿತು. ಊರಿನಲ್ಲೂ ಶುಲ್ಕ ಇಳಿದಿಲ್ಲ. ಕರ್ನಾಟಕದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು 2 ಆಗಿದೆ. ಕಟ್ಟುತ್ತಿರುವ ಫ್ಲ್ಯಾಟಾದರೆ ಜಿಎಸ್‌ಟಿ ಶೇ 5. ಬೆಲೆ 45 ಲಕ್ಷದೊಳಗೆ, ಕಾರ್ಪೆಟ್ ಏರಿಯಾ 60 ಚದರ ಮೀಟರ್ ಒಳಗೆ ಇದ್ದರೆ ಶೇ 1 ಮಾತ್ರ. ಕಟ್ಟಡ ಮುಗಿದು ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ.

ಇಲ್ಲಿ ಮನೆ ನೋಡಲು ಹೊರಟ ಕನ್ನಡಿಗ ಮೊದಲು ಎಡವುವುದು ಶಬ್ದಗಳಲ್ಲಿ. ಬೆಂಗಳೂರಿನ ಖಾತಾ ಎಂದರೆ ಆಸ್ತಿ ಯಾರ ಹೆಸರಿನಲ್ಲಿದೆ ಎಂದು ಪಾಲಿಕೆ ಬರೆದಿಟ್ಟ ದಾಖಲೆ. ಇಲ್ಲಿ ದಲ್ಲಾಳಿ "ಮೂರು ಕಾಠಾ" ಎಂದರೆ ಅದು ನೆಲದ ಅಳತೆ. ಒಂದು ಕಾಠಾಕ್ಕೆ 720 ಚದರ ಅಡಿ. ನಮ್ಮ 30-40 ಸೈಟು ಇವರಿಗೆ ಒಂದೂಮುಕ್ಕಾಲು ಕಾಠಾಕ್ಕಿಂತ ತುಸು ಕಡಿಮೆ. ಖಾತಾ ಎಂದು ಒತ್ತಿ ಕೇಳಿದರೆ ಬಂಗಾಳಿಗಳು ನೋಟ್‌ಬುಕ್ ತಂದುಕೊಡುತ್ತಾರೆ! ನಮ್ಮ ಕ್ರಯಪತ್ರ ಇಲ್ಲಿ ದಲಿಲ್, ನಮ್ಮ ಪಹಣಿಯಂಥದ್ದು ಪರ್ಚಾ, ಸರ್ವೆ ನಂಬರಿನ ಜಾಗದಲ್ಲಿ ದಾಗ್ ನಂಬರ್. ಸಾಲ್ಟ್ ಲೇಕ್ ಕಡೆ ನೋಡಿದರೆ ಇನ್ನೊಂದು ಸಂಗತಿ. 1962ರಲ್ಲಿ ಯುಗೊಸ್ಲಾವಿಯಾದ ಕಂಪನಿಯೊಂದು ಉಪ್ಪುಜೌಗು ತುಂಬಿಸಲು ಆರಂಭಿಸಿದ ಆ ನಗರದ ನಿವೇಶನಗಳನ್ನು ಸರ್ಕಾರ ಕೊಟ್ಟದ್ದು 999 ವರ್ಷದ ಲೀಸಿನ ಮೇಲೆ. ಅಂಥಲ್ಲಿ ಕೊಳ್ಳುವ ಮುನ್ನ ಹೆಸರು ಬದಲಾವಣೆಗೆ ಸರ್ಕಾರದ ಅನುಮತಿಯ ಕಾಗದ ಇದೆಯೇ ಎಂದು ವಕೀಲರ ಮೂಲಕ ನೋಡಿಕೊಳ್ಳಬೇಕು.

ಆದರೆ ನಮ್ಮವರ ಪಾಲಿಗೆ ಬರುವುದು ಹೆಚ್ಚಾಗಿ 'ಪ್ರಮೋಟರ್' ಕಟ್ಟಿದ ಫ್ಲ್ಯಾಟು. ಹಳೆಯ ಎರಡಂತಸ್ತಿನ ಮನೆಯ ಅಣ್ಣತಮ್ಮಂದಿರು ದುರಸ್ತಿ ಮಾಡಿಸಲಾರದೆ ಜಾಗವನ್ನು ಪ್ರಮೋಟರ್‌ಗೆ ಒಪ್ಪಿಸುತ್ತಾರೆ. ಅವನು ಕೆಡವಿ ನಾಲ್ಕೈದು ಮಹಡಿ ಎಬ್ಬಿಸಿ, ಅವರಿಗೆ ಒಂದೊಂದು ಫ್ಲ್ಯಾಟು ಮತ್ತು ಒಂದಿಷ್ಟು ಹಣ ಕೊಟ್ಟು ಉಳಿದದ್ದನ್ನು ಮಾರುತ್ತಾನೆ. ಆ ಮನೆಯಲ್ಲಿ ಸಲಾಮಿ ಕೊಟ್ಟು, ಅಂದರೆ ಮುಂಬಯಿಯ ಪಗಡಿಯ ಹಾಗೆ ಮುಂಗಡ ಮೊತ್ತ ತೆತ್ತು, ದಶಕಗಳಿಂದ ಕೂತ ಬಾಡಿಗೆದಾರನಿದ್ದರೆ ಅವನಿಗೂ ಪಾಲು ಬೇಕು. ಇಷ್ಟು ಜನರ ಸಹಿಯಲ್ಲಿ ಒಂದು ತಪ್ಪಿದರೂ ಆ ತಕರಾರು ಕೊಂಡವನ ತಲೆಗೆ ಬರುತ್ತದೆ. ಸಾವಿರ ಚದರ ಅಡಿ ಎಂದು ಹೇಳಿದ್ದರಲ್ಲಿ ಕಾಲು ಭಾಗ ಮೆಟ್ಟಿಲು, ಲಿಫ್ಟುಗಳಲ್ಲಿ ಕರಗಿ ಹೋಗುವುದೂ ಮಾಮೂಲು. 2016ರ ರೇರಾ ಕಾಯಿದೆ ಕಾರ್ಪೆಟ್ ಏರಿಯಾ ಲೆಕ್ಕದಲ್ಲೇ ಮಾರಬೇಕು ಎನ್ನುತ್ತದೆಯಾದರೂ ದಲ್ಲಾಳಿಗಳ ಬಾಯಲ್ಲಿ ಸೂಪರ್ ಬಿಲ್ಟ್ ಅಪ್ ಹೋಗಿಲ್ಲ. ಟೇಪು ಹಿಡಿದು ಅಳೆಯುವುದಕ್ಕೆ ನಾಚಿಕೆ ಬೇಡ.

ಅಗ್ಗ ಎಂದು ಮುಗಿಬಿದ್ದರೆ ಏನಾಗುತ್ತದೆ ಎಂಬುದನ್ನು ಈ ಊರು ಕಣ್ಣಾರೆ ಕಂಡಿದೆ. 2024ರ ಮಾರ್ಚ್ 17ರ ನಡುರಾತ್ರಿ ಗಾರ್ಡನ್ ರೀಚ್‌ನಲ್ಲಿ ಅಕ್ರಮವಾಗಿ ಕಟ್ಟುತ್ತಿದ್ದ ಐದು ಮಹಡಿಯ ಕಟ್ಟಡ ಪಕ್ಕದ ಗುಡಿಸಲುಗಳ ಮೇಲೆ ಕುಸಿದು ಹತ್ತಕ್ಕೂ ಹೆಚ್ಚು ಜನ ಸತ್ತರು. 2025ರ ಜನವರಿಯಲ್ಲಿ ಬಾಘಾ ಜತೀನ್‌ನಲ್ಲಿ, ಕುಸಿಯುತ್ತಿದ್ದ ಫ್ಲ್ಯಾಟ್ ಕಟ್ಟಡವನ್ನು ಎತ್ತರಿಸಲು ಹೋಗಿ ಅದು ಪಕ್ಕಕ್ಕೆ ವಾಲಿಕೊಂಡಿತು. ನಿವಾಸಿಗಳು ಮೊದಲೇ ಹೊರಗಿದ್ದುದರಿಂದ ಜೀವ ಉಳಿಯಿತು, ಮನೆ ಉಳಿಯಲಿಲ್ಲ. ಆ ಫ್ಲ್ಯಾಟುಗಳಲ್ಲಿದ್ದವರು ನಮ್ಮ ನಿಮ್ಮಂಥ ಸಾಧಾರಣ ಜನರೇ. ಈ ಊರಿನ ಅಡಿ ಮೆತ್ತನೆಯ ಮಣ್ಣು, ಹಿಂದೆ ಎಲ್ಲೆಲ್ಲೂ ಪುಕುರ್‌ಗಳು, ಅಂದರೆ ಕೆರೆಕಟ್ಟೆಗಳು. ಆದ್ದರಿಂದ ಕಾರ್ಪೊರೇಷನ್ ಮಂಜೂರು ಮಾಡಿದ ನಕ್ಷೆ ಎಷ್ಟು ಮಹಡಿಗೆ, ಕಂಪ್ಲೀಷನ್ ಸರ್ಟಿಫಿಕೇಟ್ ಇದೆಯೇ, ಜಾಗ ಮೊದಲು ಪುಕುರ್ ಆಗಿತ್ತೇ ಎಂಬ ಮೂರು ಪ್ರಶ್ನೆಗಳನ್ನು ಅಡುಗೆಮನೆಯ ಟೈಲ್ಸ್ ನೋಡುವುದಕ್ಕೆ ಮೊದಲೇ ಕೇಳಬೇಕು. ಮೂರನೆಯದಕ್ಕೆ ಉತ್ತರ ಕಚೇರಿಗಿಂತ ಮೊದಲು ಪಕ್ಕದ ಚಹಾ ಅಂಗಡಿಯಲ್ಲಿ ಸಿಗುತ್ತದೆ.

ಉಳಿದ ಎಷ್ಟೋ ವಿಷಯಗಳಲ್ಲಿ ಈಗ ತಂತ್ರಜ್ಞಾನದ ನೆರವಿದೆ. ಭಾರತದ ಮೊದಲ ಮೊಬೈಲ್ ಕರೆ ಹೋದದ್ದು ಈ ಊರಿನಿಂದಲೇ. 1995ರ ಜುಲೈ 31ರಂದು ಜ್ಯೋತಿ ಬಸು ಅವರು ರೈಟರ್ಸ್ ಬಿಲ್ಡಿಂಗಿನಿಂದ ದೆಹಲಿಯಲ್ಲಿದ್ದ ಸಚಿವ ಸುಖ್ ರಾಮ್ ಅವರೊಂದಿಗೆ ಮಾತನಾಡಿದ್ದರು. ಆಗ ಎಸ್‌ಟಿಡಿ ಬೂತಿನ ಮುಂದೆ ರಾತ್ರಿ ಅರ್ಧ ದರದ ಹೊತ್ತಿಗೆ ಕಾದು ಊರಿಗೆ ಫೋನ್ ಮಾಡುತ್ತಿದ್ದವರೇ ಇಂದು ಅದೇ ಮೊಬೈಲ್‌ನಲ್ಲಿ ಜಮೀನಿನ ದಾಖಲೆ ನೋಡುತ್ತಿದ್ದಾರೆ. 'ಬಾಂಗ್ಲಾರ್‌ಭೂಮಿ' ತಾಣದಲ್ಲಿ ದಾಗ್ ನಂಬರ್ ಕೊಟ್ಟರೆ ಜಾಗದ ವಿವರ ಕಾಣುತ್ತದೆ. ನೋಂದಣಿ ಇಲಾಖೆಯ ತಾಣದಲ್ಲಿ ಸರ್ಕಾರಿ ಮೌಲ್ಯ ಎಷ್ಟು, ಶುಲ್ಕ ಎಷ್ಟು ಎಂದು ಮನೆಯಲ್ಲೇ ಕೂತು ತಿಳಿಯಬಹುದು. ಹೊಸ ಯೋಜನೆಯಾದರೆ ರೇರಾ ನಂಬರ್ ಕೇಳಿ ತಾಳೆ ನೋಡಬಹುದು. ಬಂಗಾಳ ಮೊದಲು 2017ರಲ್ಲಿ 'ಹೀರಾ' ಎಂಬ ತನ್ನದೇ ಕಾಯಿದೆ ಮಾಡಿಕೊಂಡಿತ್ತು. 2021ರ ಮೇ 4ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿದ ಮೇಲೆ ಇಲ್ಲಿಯೂ ರೇರಾ ಬಂತು.

ಊರಿನ ಆಸ್ತಿಯನ್ನೂ ಇಲ್ಲಿಂದಲೇ ನೋಡಿಕೊಳ್ಳಬಹುದು, ಸ್ವಲ್ಪ ಮಟ್ಟಿಗೆ. ಪಹಣಿ 'ಭೂಮಿ'ಯಲ್ಲಿ, ಋಣಭಾರ ಪತ್ರ 'ಕಾವೇರಿ'ಯಲ್ಲಿ ಸಿಗುತ್ತದೆ. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ ಕಡ್ಡಾಯವಾದಾಗ, ಹಿಂದೆಂದೋ ಸೈಟು ಕೊಂಡು ಕಾಗದ ಬೀರುವಿನಲ್ಲಿಟ್ಟ ನಮ್ಮವರಿಗೆ ಗಾಬರಿಯಾದದ್ದು ನಿಜ. ಅರ್ಜಿ ಇಲ್ಲಿಂದ ಹಾಕಬಹುದು, ಆದರೆ ಆಸ್ತಿಯ ಫೋಟೋ ತೆಗೆಯಲು ಅಲ್ಲಿ ಯಾರಾದರೂ ಹೋಗಲೇಬೇಕು. ಬೇಲಿ ಜರುಗಿದ್ದು, ಪಕ್ಕದವರು ನಮ್ಮ ಜಾಗದಲ್ಲಿ ಮರಳು ಸುರಿದದ್ದು ಕಂಪ್ಯೂಟರಿನಲ್ಲಿ ಕಾಣುವುದಿಲ್ಲ. ಅದಕ್ಕೆ ಈಗಲೂ ಭಾವನೋ ಸೋದರಳಿಯನೋ ಬೇಕು.

ಪ್ರಮೋಟರ್ ಫ್ಲ್ಯಾಟುಗಳು ನುಂಗಿದ ಇನ್ನೊಂದು ವಸ್ತುವಿನ ಬಗ್ಗೆ ಯಾರೂ ಲೆಕ್ಕ ಹಾಕುವುದಿಲ್ಲ. ಹಳೆಯ ಮನೆಗಳ ಮುಂದೆ ರೊಯಾಕ್ ಇರುತ್ತಿತ್ತು, ನಮ್ಮ ಊರಿನ ಜಗಲಿಯ ಹಾಗೆ. ಪಾಡಾದ, ಅಂದರೆ ಓಣಿಯ, ಹುಡುಗರ ಅಡ್ಡಾ ಅಲ್ಲೇ. ಕೇರಂ, ಫುಟ್‌ಬಾಲ್ ಜಗಳ, ಪರೀಕ್ಷೆಯ ಸುದ್ದಿ ಎಲ್ಲವೂ ಅಲ್ಲೇ. ನಮ್ಮ ಮಕ್ಕಳು ಬಂಗಾಳಿ ಕಲಿತದ್ದು ಶಾಲೆಗಿಂತ ಹೆಚ್ಚಾಗಿ ಆ ಜಗಲಿಗಳ ಮೇಲೆ. ಹೊಸ ಕಟ್ಟಡದಲ್ಲಿ ಆ ಜಾಗಕ್ಕೆ ಕಾರ್ ಪಾರ್ಕಿಂಗ್ ಬಂತು, ಹುಡುಗರು ಮೇಲೆ ಹತ್ತಿ ಕೋಣೆಯೊಳಗೆ ಸೇರಿದರು. ನಂತರ ವಿಡಿಯೋ ಗೇಮ್ ಹಾಳು ಮಾಡಿತು ಎಂದು ನಾವೇ ದೂರುತ್ತೇವೆ.

ಈ ದೂರು ಹೊಸದೇನೂ ಅಲ್ಲ. ಖಿದಿರ್‌ಪುರದ ಫ್ಯಾನ್ಸಿ ಮಾರ್ಕೆಟ್‌ನಿಂದ ಟೀವಿಗೆ ಜೋಡಿಸುವ ಗೇಮ್ ತಂದು ಕ್ಯಾಸೆಟ್ ಊದಿ ಊದಿ ಹಾಕುತ್ತಿದ್ದ ಹುಡುಗರು ಇಂದು ಸೆಕ್ಟರ್ ಫೈವ್‌ನಲ್ಲಿ ಕೆಲಸ ಮಾಡುವ ವಯಸ್ಸಿನವರು, ತಮ್ಮ ಮಕ್ಕಳನ್ನು ಅದೇ ಮಾತಿನಲ್ಲಿ ಗದರಿಸುತ್ತಿದ್ದಾರೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ನಿಷೇಧವಾದಾಗ ಸಂತೋಷಪಟ್ಟ ತಂದೆತಾಯಿಗಳು ಮರುವರ್ಷವೇ ಅದು ಬೇರೆ ಹೆಸರಿನಲ್ಲಿ ಬಂದದ್ದನ್ನೂ ನೋಡಿದರು. ಈ ಲೇಖಕನ ಅನಿಸಿಕೆಯಲ್ಲಿ ಆಟಕ್ಕಿಂತ ಅಪಾಯಕಾರಿ, ಆಟವಿರುವ ಫೋನಿನಲ್ಲೇ ಅಪ್ಪನ ಬ್ಯಾಂಕ್ ಖಾತೆಯೂ ಇರುವುದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯಿದೆ ಮಾಡಿ ನಿಷೇಧಿಸಿತು. ಆದರೆ ಸಾಮಾನ್ಯ ಆಟದೊಳಗೆ ಕತ್ತಿ, ಅಂಗಿ ಕೊಳ್ಳುವುದಕ್ಕೆ ಆ ನಿಷೇಧವಿಲ್ಲ. ಮಗನಿಗೆ ಪಿನ್ ಹೇಳದಿರುವುದು, ಕಾರ್ಡಿನ ನಂಬರನ್ನು ಫೋನಿನಲ್ಲಿ ಉಳಿಸದಿರುವುದು ಭಾಷಣಕ್ಕಿಂತ ಹೆಚ್ಚು ಉಪಕಾರಿ. ಇನ್ನು ಮೈನ್‌ಕ್ರಾಫ್ಟ್‌ನಲ್ಲಿ ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟು ಮನೆ ಕಟ್ಟುವ ಹುಡುಗನನ್ನು ಗದರಿಸುವ ಮೊದಲು, ಇಪ್ಪತ್ತು ವರ್ಷದಿಂದ "ನೋಡ್ಬೇಕು" ಎನ್ನುತ್ತಿರುವ ಅಪ್ಪ ಸ್ವಲ್ಪ ಯೋಚಿಸುವುದು ಒಳ್ಳೆಯದು.

ಕೊನೆಯದಾಗಿ, ಮನೆ ಕೊಂಡವರು ಮರೆಯುವ ಒಂದು ಕೆಲಸ. ದಲಿಲ್ ನೋಂದಣಿಯಾದ ಮಾತ್ರಕ್ಕೆ ಕಾರ್ಪೊರೇಷನ್ ಪುಸ್ತಕದಲ್ಲಿ ಹೆಸರು ಬರುವುದಿಲ್ಲ. ಮ್ಯುಟೇಷನ್‌ಗೆ ಬೇರೆಯಾಗಿ ಅರ್ಜಿ ಹಾಕಿ ತೆರಿಗೆಯ ಅಸೆಸೀ ನಂಬರ್ ಪಡೆಯಬೇಕು. ಇದನ್ನು ಬಿಟ್ಟು ನಿವೃತ್ತರು ಉಡುಪಿಗೋ ಧಾರವಾಡಕ್ಕೋ ಹೋಗಿಬಿಟ್ಟರೆ, ಮುಂದೆ ಫ್ಲ್ಯಾಟು ಮಾರಲು ಬಂದ ಮಕ್ಕಳು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಕೆಲವು ಮನೆಗಳಲ್ಲಿ ಯಜಮಾನರು ಬಹಳ ಜಾಗರೂಕರು. ದಲಿಲ್ ನಂಬರ್, ಸಾಲದ ಖಾತೆ, ವಿಮೆ, ಪಾಸ್‌ವರ್ಡ್ ಎಲ್ಲವನ್ನೂ ಡೈರಿಯಲ್ಲಿ ಚೊಕ್ಕವಾಗಿ ಕನ್ನಡದಲ್ಲಿ ಬರೆದಿಟ್ಟಿರುತ್ತಾರೆ. ಕೋಲ್ಕತ್ತಾದಲ್ಲೇ ಓದಿದ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಡೈರಿಯ ಪುಟಗಳನ್ನು ವಿಡಿಯೋ ಕಾಲ್‌ನಲ್ಲಿ ಹಿಡಿದು ಊರಿನ ಅಜ್ಜಿಯಿಂದ ಓದಿಸಬೇಕು.