ನೀರು, ವಿದ್ಯುತ್ತು ಮತ್ತು ಬಾಡಿಗೆ ಕರಾರು

ವಾಣಿಜ್ಯ ಕಟ್ಟಡದ ವೆಚ್ಚವೆಂದರೆ ಅದನ್ನು ಕಟ್ಟಲು ತಗಲುವ ಹಣವೆಂದೇ ನಮ್ಮ ವರ್ತಕ ಬಂಧುಗಳಲ್ಲಿ ಹಲವರು ಭಾವಿಸಿರುತ್ತಾರೆ. ಲೆಕ್ಕಪತ್ರಗಳನ್ನು ನೋಡುವವರಿಗೆ ಕಾಣುವ ಚಿತ್ರವೇ ಬೇರೆ. ನಿರ್ಮಾಣ ವೆಚ್ಚ ಒಮ್ಮೆ ಬರುವಂಥದು. ನೀರು ಮತ್ತು ವಿದ್ಯುತ್ತಿನ ಬಿಲ್ಲುಗಳು ಕಟ್ಟಡ ನಿಂತಿರುವಷ್ಟು ಕಾಲವೂ ಬರುವಂಥವು.

ಗಿರಿನಗರ, ಬನಶಂಕರಿ, ಜಯನಗರಗಳ ನಲ್ಲಿಗೆ ಬರುವ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ ಹಂತಹಂತವಾಗಿ ಮೇಲೆತ್ತಲ್ಪಟ್ಟು, ಸುಮಾರು 100 ಕಿಲೋಮೀಟರ್ ದೂರ ಸಾಗಿ ಬರುತ್ತದೆ. ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ಈ ಪಂಪುಗಳ ವಿದ್ಯುತ್ತಿನದು. ಆದುದರಿಂದ ನೀರಿನ ಉಳಿತಾಯವೂ ವಿದ್ಯುತ್ತಿನ ಉಳಿತಾಯವೂ ಒಂದೇ ಖಾತೆಗೆ ಸೇರಿದವು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಅಳವಡಿಸುವುದು ಕಡ್ಡಾಯವಾಯಿತು. 2025ರ ಏಪ್ರಿಲ್‌ನಲ್ಲಿ ನೀರಿನ ದರವೂ ಏರಿತು.

ಮಳೆನೀರು ಸಂಗ್ರಹವನ್ನು 2009ರ ತಿದ್ದುಪಡಿ ಕಾಯ್ದೆಯು 60x40 ಅಡಿ ಹಾಗೂ ಅದಕ್ಕೂ ಹೆಚ್ಚಿನ ನಿವೇಶನಗಳ ಹಳೆಯ ಕಟ್ಟಡಗಳಿಗೂ, 30x40 ಅಡಿಯಿಂದ ಮೇಲ್ಪಟ್ಟ ಹೊಸ ಕಟ್ಟಡಗಳಿಗೂ ಕಡ್ಡಾಯಗೊಳಿಸಿತು. ದಂಡದ ಭಯಕ್ಕಾಗಿ ಒಂದು ಕೊಳವೆಯನ್ನು ಚರಂಡಿಯ ಕಡೆಗೆ ತಿರುಗಿಸಿ ಫೋಟೋ ತೆಗೆಸಿದವರೂ ಉಂಟು. ಲೆಕ್ಕ ಹಾಕಿದರೆ ಅದು ನಷ್ಟದ ವ್ಯವಹಾರ. 150 ಚದರ ಮೀಟರ್ ತಾರಸಿಯ ಮೇಲೆ ನಗರದ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿಲಿಮೀಟರ್ ಬಿದ್ದು, ಅದರಲ್ಲಿ ಶೇ. 80ರಷ್ಟು ದೊರೆತರೆ 1,16,000 ಲೀಟರಿಗೂ ಮಿಕ್ಕುತ್ತದೆ; ಅಂದರೆ 6,000 ಲೀಟರಿನ 19 ಟ್ಯಾಂಕರ್. 2024ರಲ್ಲಿ ಜಿಲ್ಲಾಡಳಿತವು ಐದು ಕಿಲೋಮೀಟರಿನೊಳಗೆ ಅಂಥ ಟ್ಯಾಂಕರಿಗೆ 600 ರೂಪಾಯಿ ನಿಗದಿಪಡಿಸಿತ್ತು. ಆ ದರಕ್ಕೆ ನೀರು ದೊರೆತವರು ಎಷ್ಟು ಮಂದಿ ಎಂಬುದು ಬೇರೆ ಮಾತು. ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯು ರೂಪಿಸಿದ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಸಂಗ್ರಹ ಉದ್ಯಾನದಲ್ಲಿ ಇದರ ಮಾದರಿಗಳಿವೆ.

ವಿದ್ಯುತ್ತಿನ ವಿಷಯದಲ್ಲಿ ದೊಮ್ಮಲೂರಿನ ಟೆರಿ ಸಂಸ್ಥೆಯ ಕಟ್ಟಡ ಗಮನಾರ್ಹವಾದುದು. ವಾಸ್ತುಶಿಲ್ಪಿ ಸಂಜಯ್ ಮೋಹೆ ವಿನ್ಯಾಸಗೊಳಿಸಿದ ಈ ಕಟ್ಟಡದ ದಕ್ಷಿಣಕ್ಕೆ ದುರ್ವಾಸನೆಯ ಚರಂಡಿಯಿತ್ತು. ಆ ದಿಕ್ಕಿಗೆ ಕಿಟಕಿಗಳನ್ನಿಡದೆ ಕಪ್ಪು ಕಡಪಾ ಕಲ್ಲಿನ ಗೋಡೆಯೆಬ್ಬಿಸಿ, ಅದರ ಹಿಂದೆ ಟೊಳ್ಳು ಬಿಡಲಾಯಿತು. ಬಿಸಿಲಿಗೆ ಕಲ್ಲು ಕಾದು, ಟೊಳ್ಳಿನೊಳಗಿನ ಗಾಳಿ ಮೇಲೇರುತ್ತದೆ. ಅದು ಒಳಗಿನ ಬಿಸಿಗಾಳಿಯನ್ನು ಎಳೆದುಕೊಂಡಂತೆ ಉತ್ತರದಿಂದ ತಂಪುಗಾಳಿ ಒಳಬರುತ್ತದೆ. ಬನ್ನೇರುಘಟ್ಟ ರಸ್ತೆಯಲ್ಲಿ ಬಿ. ವಿ. ದೋಶಿಯವರು ರೂಪಿಸಿದ ಐಐಎಂ ಆವರಣದ ಕಲ್ಲಿನ ಓಣಿಗಳಲ್ಲಿಯೂ ಹಗಲುಬೆಳಕೇ ದೀಪ.

ಕಟ್ಟಿ ಮುಗಿದ ಮಳಿಗೆಗೆ, ಟ್ಯೂಷನ್ ಕೇಂದ್ರಕ್ಕೆ ಇಂಥ ಗೋಡೆ ಅಸಾಧ್ಯ, ಫ್ಯಾನು ಸಾಧ್ಯ. 75 ವ್ಯಾಟಿನ 30 ಫ್ಯಾನುಗಳ ಬದಲಿಗೆ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನುಗಳನ್ನು ಹಾಕಿ, ದಿನಕ್ಕೆ 10 ಗಂಟೆಯಂತೆ 300 ದಿನ ಓಡಿಸಿದರೆ 4,050 ಯೂನಿಟ್ ಉಳಿಯುತ್ತದೆ. ಯೂನಿಟ್ಟಿಗೆ 8 ರೂಪಾಯಿ, ಫ್ಯಾನಿಗೆ 3,000 ರೂಪಾಯಿ ಎಂದಿಟ್ಟುಕೊಂಡರೆ ಮೂರು ವರ್ಷದೊಳಗೆ ಬಂಡವಾಳ ಹಿಂದಿರುಗುತ್ತದೆ.

ತೆರಿಗೆಯ ಮಾತು. ಸೌರ ಉಪಕರಣಗಳ ಸವಕಳಿ ದರ ಹಿಂದೆ ಶೇ. 80 ಇದ್ದುದು 2017ರ ಏಪ್ರಿಲ್‌ನಿಂದ ಶೇ. 40ಕ್ಕೆ ಇಳಿಯಿತು. ಅವುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರ ಬದಲು ಶೇ. 5. ಮಾರಾಟಗಾರರು ಸವಕಳಿಯ ಲಾಭವನ್ನು ದೊಡ್ಡದಾಗಿ ಹೇಳುತ್ತಾರೆ. ಆದರೆ ವಹಿವಾಟಿನ ಶೇಕಡಾವಾರು ಲಾಭ ತೋರಿಸುವ ಅಂದಾಜು ತೆರಿಗೆ ಯೋಜನೆಯಲ್ಲಿರುವ ಸಣ್ಣ ವರ್ತಕರಿಗೆ ಪ್ರತ್ಯೇಕ ಸವಕಳಿ ದೊರೆಯದು.

ನಿಜವಾದ ತೊಡಕು ಬಾಡಿಗೆ ಕರಾರಿನಲ್ಲಿದೆ. ಸಂಪು, ಸೌರಫಲಕಗಳಿಗೆ ಹಣ ಹಾಕಬೇಕಾದವನು ಮಾಲೀಕ. ಬಿಲ್ಲು ಕಡಿಮೆಯಾಗುವುದು ಬಾಡಿಗೆದಾರನಿಗೆ. ಹನ್ನೊಂದು ತಿಂಗಳ ಕರಾರಿನವನು ಮೂರು ವರ್ಷದ ಹೂಡಿಕೆಗೆ ಒಪ್ಪಲಾರ. ಕರಾರಿನ ಅವಧಿಯನ್ನು ಐದು ವರ್ಷಕ್ಕೆ ಏರಿಸಿ ನೋಂದಾಯಿಸುವುದು, ಹಿಂದಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಆಧಾರವಾಗಿ ಲಗತ್ತಿಸುವುದು, ಉಳಿತಾಯದ ಅರ್ಧವನ್ನು ಹೂಡಿಕೆ ಮಾಡಿದವನಿಗೆ ಬಾಡಿಗೆಯ ಜೊತೆ ಸಲ್ಲಿಸುವುದು: ಈ ಮೂರು ಷರತ್ತುಗಳನ್ನು ಮುಂದಿನ ನವೀಕರಣದಲ್ಲೇ ಸೇರಿಸಬಹುದು. ಪ್ರತಿ ಮಳಿಗೆಗೂ ಪ್ರತ್ಯೇಕ ನೀರಿನ ಮೀಟರ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಬೇಕು.